ಹನ್ನೊಂದು ಜನ, ಹತ್ತು ದಿನ, ಐದು ದೇಶ: ಸಾಧ್ಯವಾ?

ದಕ್ಷಿಣ ಯುರೋಪಿಗೆ ಗುಂಪಾಗಿ ಹೋಗುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಜಾಸ್ತಿಯೇ ಬಂದಿವೆ. ಒಂದೇ ತರಹದವನ್ನು ಸೇರಿಸಿ, ಉದ್ದದವನ್ನು ಮೊಟಕು ಮಾಡಿ ಇಲ್ಲಿ ಕೊಟ್ಟಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಣ್ಣತಮ್ಮಂದಿರ ಎರಡು ಸಂಸಾರ, ಜೊತೆಗೆ ಅಪ್ಪ, ಅಮ್ಮ, ಸೋದರತ್ತೆ. ಒಟ್ಟು 11 ಜನ. ಚಿಕ್ಕವನಿಗೆ 8 ವರ್ಷ, ಅಪ್ಪನಿಗೆ 71. ಹತ್ತು ದಿನ ರಜೆ ಹೊಂದಿಸಿದ್ದೇವೆ. ಏಜೆಂಟರು ಸ್ಪೇನ್, ದಕ್ಷಿಣ ಫ್ರಾನ್ಸ್, ಮೊನಾಕೊ, ಇಟಲಿ, ಗ್ರೀಸ್ ಅಂತ ಐದು ದೇಶದ ಪಟ್ಟಿ ಕೊಟ್ಟಿದ್ದಾರೆ. ಅಷ್ಟು ದೂರ ಹೋಗಿ ಒಂದೇ ದೇಶ ನೋಡಿ ಬಂದರೆ ನಷ್ಟ ಅಲ್ವಾ? – ಸಾಗರ

ಉತ್ತರ: ನಷ್ಟ ಇಲ್ಲ. ಐದು ದೇಶದ ಪಟ್ಟಿಯನ್ನು ಏಜೆಂಟರಿಗೇ ವಾಪಸ್ ಕೊಡಿ.

ಲೆಕ್ಕ ಹಾಕಿ ನೋಡಿ. ಹತ್ತು ದಿನದಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ಕಳೆಯಿರಿ. ಎಂಟು ಉಳಿಯಿತು. ಇನ್ನು ಊರು ಬದಲಿಸಿದ ದಿನವೆಲ್ಲ ಅರ್ಧ ದಿನ ಕೈಬಿಟ್ಟ ಹಾಗೆ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಈ ಊರಿನ ಹೋಟೆಲ್ ಖಾಲಿ ಮಾಡಬೇಕು, ಮುಂದಿನ ಊರಿನಲ್ಲಿ ಮಧ್ಯಾಹ್ನ ಎರಡು ಮೂರಕ್ಕೆ ಮೊದಲು ರೂಮು ಕೊಡುವುದಿಲ್ಲ. ನಡುವೆ ಹನ್ನೊಂದು ಜನ ಪೆಟ್ಟಿಗೆ ಎಳೆದುಕೊಂಡು, ಒಬ್ಬರ ಚಾರ್ಜರ್ ರೂಮಿನಲ್ಲೇ ಉಳಿದು, ಇನ್ನೊಬ್ಬರಿಗೆ ಈಗಲೇ ಬಾತ್‌ರೂಮಿಗೆ ಹೋಗಬೇಕಾಗಿ, ಕೊನೆಗೆ ಎಲ್ಲರೂ ಸಿಡಿಮಿಡಿ. ಇಬ್ಬರೇ ಹೋದರೆ ಇದೆಲ್ಲ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಹನ್ನೊಂದು ಜನಕ್ಕೆ ಮುಗಿಯುವುದಿಲ್ಲ. ಗುಂಪು ನಡೆಯುವುದು ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗದಲ್ಲಿ. ಅದಕ್ಕೇ ಗುಂಪು ದೊಡ್ಡದಾದಷ್ಟೂ ಊರುಗಳು ಕಡಿಮೆ ಇರಬೇಕು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇಟಲಿ ಒಂದೇ ಸಾಕು ಅಂತ. ರೋಮ್‌ನಲ್ಲಿ ನಾಲ್ಕು ರಾತ್ರಿ, ಫ್ಲಾರೆನ್ಸ್‌ನಲ್ಲಿ ಎರಡು, ವೆನಿಸ್‌ನಲ್ಲಿ ಎರಡು. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಚಿಲ್ಲರೆ. ಸ್ಟೇಷನ್‌ಗಳು ಊರಿನ ನಡುವೆಯೇ ಇರುವುದರಿಂದ ವಿಮಾನದ ಗೋಜೇ ಬೇಡ. ಬೆಂಗಳೂರಿನಿಂದ ಟಿಕೆಟ್ ಮಾಡಿಸುವಾಗ ರೋಮ್‌ನಲ್ಲಿ ಇಳಿದು ವೆನಿಸ್‌ನಿಂದ ವಾಪಸ್ ಹತ್ತುವ ಹಾಗೆ ಮಾಡಿಸಿ. ಎಷ್ಟೋ ಜನ ಸುಮ್ನೆ ರೋಮ್‌ಗೇ ವಾಪಸ್ ಬಂದು ಒಂದು ದಿನ ಕಳೆದುಕೊಳ್ಳುತ್ತಾರೆ.

ರೋಮ್‌ನ ದಿನಗಳನ್ನು ತುಂಬಬೇಡಿ. ಒಂದು ದಿನ ಕೊಲೊಸಿಯಂ ಮತ್ತು ಪಕ್ಕದ ಫೋರಮ್‌ನ ಅವಶೇಷಗಳು, ಒಂದು ದಿನ ವ್ಯಾಟಿಕನ್. ಮೂರನೆಯ ದಿನ ಗಟ್ಟಿ ಕಾಲಿನವರು ಮಾತ್ರ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ಊರು ಪಾಂಪೆಗೆ ಹೋಗಿ ಬರಲಿ. ನೇಪಲ್ಸ್‌ಗೆ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ, ಅಲ್ಲಿಂದ ಲೋಕಲ್ ರೈಲು. ಪಾಂಪೆಯಲ್ಲಿ ನೆರಳು ಕಡಿಮೆ, ಕಲ್ಲುದಾರಿ ಏರುಪೇರು, ಅಪ್ಪನಿಗೂ ಅತ್ತೆಗೂ ಅದು ಬೇಡ. ಅವರು ರೋಮ್‌ನಲ್ಲೇ ಒಂದು ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂರಲಿ. ಅದೂ ರೋಮ್ ನೋಡಿದ ಹಾಗೆಯೇ.

ವೆನಿಸ್ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಕಾರು, ಆಟೊ ಏನೂ ಇಲ್ಲ, ಸೇತುವೆಗಳಿಗೆಲ್ಲ ಮೆಟ್ಟಿಲು. ದೊಡ್ಡ ಸೂಟ್‌ಕೇಸನ್ನು ಪ್ರತಿ ಸೇತುವೆಯಲ್ಲೂ ಎತ್ತಿ ಇಳಿಸಬೇಕು. ಸಾಂತಾ ಲೂಚಿಯಾ ಸ್ಟೇಷನ್ನಿಗೆ ಹತ್ತಿರ, ಸೇತುವೆ ದಾಟದೆ ಹೋಗುವ ಹೋಟೆಲ್ ಹುಡುಕಿ. ಅಲ್ಲಿ ರಾತ್ರಿ ತಂಗುವುದು ದುಬಾರಿ ನಿಜ, ಆದರೆ ಹಗಲಿನ ಜಾತ್ರೆಯೆಲ್ಲ ಸಂಜೆ ಕರಗಿದ ಮೇಲೆಯೇ ಆ ಊರು ನೋಡಬೇಕಾದ್ದು. 2024ರಿಂದ ಬೇಸಿಗೆಯ ಕೆಲವು ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕವನ್ನೂ ಹಾಕಿದ್ದಾರೆ. ತಂಗುವವರಿಗೆ ಅದಿಲ್ಲ.

ನೀವು ಸಾಗರದವರು ಅನ್ನುವ ಕಾರಣಕ್ಕೆ ಇನ್ನೊಂದು ಜಾಗ ಹೇಳುತ್ತೇನೆ. 1623ರಲ್ಲಿ ನಿಮ್ಮ ಊರಿನ ಪಕ್ಕದ ಇಕ್ಕೇರಿಗೆ, ಕೆಳದಿಯ ಅರಸ ವೆಂಕಟಪ್ಪ ನಾಯಕನ ಕಾಲದಲ್ಲಿ, ರೋಮ್‌ನಿಂದ ಒಬ್ಬ ಪ್ರವಾಸಿ ಬಂದಿದ್ದ. ಹೆಸರು ಪಿಯೆತ್ರೊ ದೆಲ್ಲಾ ವಾಲೆ. ಗೋವಾದಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಬಂದವನು, ದಾರಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಬರೆದು, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಕೂತು ನೋಡಿ ಬರೆದಿಟ್ಟಿದ್ದಾನೆ. ಆಮೇಲೆ ಉಳ್ಳಾಲದ ರಾಣಿಯನ್ನೂ ಕಂಡ. ಅವನ ಹೆಂಡತಿ ಮಾನಿ ಬಾಗ್ದಾದಿನ ಕಡೆಯವಳು. ಅವಳು ಪರ್ಷಿಯಾದಲ್ಲಿ ತೀರಿಕೊಂಡಾಗ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡೇ ಇಷ್ಟೂ ದೂರ ತಿರುಗಿ, ಕೊನೆಗೆ ರೋಮ್‌ನ ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿನಲ್ಲಿ ಮಣ್ಣು ಮಾಡಿದ. 1652ರಲ್ಲಿ ಅವನನ್ನೂ ಅಲ್ಲಿಯೇ ಮಣ್ಣು ಮಾಡಿದರು. ಫೋರಮ್ ಪಕ್ಕದ ಗುಡ್ಡದ ಮೇಲಿದೆ ಈ ಚರ್ಚು. ಮುಂದಿನ ಮೆಟ್ಟಿಲು ನೂರಕ್ಕೂ ಜಾಸ್ತಿ, ಅಪ್ಪನನ್ನು ಕ್ಯಾಂಪಿಡೋಲಿಯೊ ಚೌಕದ ಕಡೆಯಿಂದ ಕರೆದುಕೊಂಡು ಹೋಗಿ. ಇಕ್ಕೇರಿ ಕಂಡ ಮನುಷ್ಯನ ಸಮಾಧಿ ಏಜೆಂಟರ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪ್ರಶ್ನೆ: ಮಕ್ಕಳಿಗೆ ರಜೆ ಏಪ್ರಿಲ್, ಮೇ. ಅಲ್ಲಿಯ ಬೇಸಿಗೆ ಜೂನ್‌ನಿಂದ ಆಗಸ್ಟ್. ಶಾಲೆ ತಪ್ಪಿಸಿ ಜುಲೈನಲ್ಲಿ ಹೋಗಬೇಕಾ? – ಹುಬ್ಬಳ್ಳಿ

ಉತ್ತರ: ಖಂಡಿತ ಬೇಡ. ನಮ್ಮ ಮಕ್ಕಳ ರಜೆ ಈ ವಿಷಯದಲ್ಲಿ ಪುಣ್ಯಕ್ಕೆ ಸರಿಯಾದ ಹೊತ್ತಿಗೇ ಬರುತ್ತದೆ. ಮೇ ಮೊದಲ ಮೂರು ವಾರ ರೋಮ್‌ನಲ್ಲೂ ಅಥೆನ್ಸ್‌ನಲ್ಲೂ ಹಿತವಾದ ಹವೆ, ರಾತ್ರಿ ಎಂಟು ದಾಟಿದರೂ ಬೆಳಕು, ಅಲ್ಲಿಯ ಮಕ್ಕಳಿಗೆ ಇನ್ನೂ ಶಾಲೆ. ಒಂದೇ ಕೊರತೆ ಅಂದರೆ ಸಮುದ್ರದ ನೀರು ತಣ್ಣಗಿರುತ್ತದೆ, ಈಜುವುದು ಕಷ್ಟ. ಏಪ್ರಿಲ್ 25 ಮತ್ತು ಮೇ 1 ಇಟಲಿಯಲ್ಲಿ ಸರ್ಕಾರಿ ರಜೆ, ಆ ಎರಡು ದಿನದ ಸುತ್ತ ಜನ ಜಾಸ್ತಿ.

ಜುಲೈ, ಆಗಸ್ಟ್ ಬಿಸಿಲನ್ನು ನಮ್ಮವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. "ಯುರೋಪ್ ತಾನೇ, ಸ್ವೆಟರ್ ಹಾಕ್ಕೋಬೇಕಾ?" ಅಂತ ಒಬ್ಬರು ಕೇಳಿದ್ದಾರೆ. 2021ರ ಆಗಸ್ಟ್ 11ರಂದು ಸಿಸಿಲಿಯ ಸಿರಾಕ್ಯೂಸ್ ಹತ್ತಿರ 48.8 ಡಿಗ್ರಿ ದಾಖಲಾಗಿದೆ, ವಿಶ್ವ ಹವಾಮಾನ ಸಂಸ್ಥೆ ಅದನ್ನು ಯುರೋಪಿನ ದಾಖಲೆ ಅಂತ ಒಪ್ಪಿಕೊಂಡಿದೆ. ಸ್ಪೇನ್‌ನ ಸೆವಿಲ್ಲಾದಲ್ಲಿ 40 ದಾಟುವುದು ಅಪರೂಪವೇನಲ್ಲ. ರಾಯಚೂರಿನಲ್ಲಿ 42 ಇದ್ದರೆ ನಾವು ಮಧ್ಯಾಹ್ನ ಮನೆಯೊಳಗೆ ಫ್ಯಾನಿನ ಕೆಳಗಿರುತ್ತೇವೆ. ಪ್ರವಾಸಿಗಳು ಮಾತ್ರ ಅದೇ ಹೊತ್ತಿಗೆ ಕಲ್ಲುಚಪ್ಪಡಿಯ ಚೌಕದ ನಡುವೆ ಟಿಕೆಟ್ ಸಾಲಿನಲ್ಲಿ ನಿಂತಿರುತ್ತಾರೆ.

ಜುಲೈಯಲ್ಲೇ ಹೋಗಬೇಕಾದ ಅನಿವಾರ್ಯ ಇರುವವರು ಅಲ್ಲಿಯ ಜನ ಮಾಡುವುದನ್ನೇ ಮಾಡಿ. ಬೆಳಿಗ್ಗೆ ಎಂಟಕ್ಕೆ ಹೊರಗೆ, ಹನ್ನೆರಡಕ್ಕೆ ಊಟ, ಐದರವರೆಗೆ ರೂಮಿನಲ್ಲಿ ನಿದ್ದೆ, ಆಮೇಲೆ ರಾತ್ರಿ ಹತ್ತರವರೆಗೆ ತಿರುಗಾಟ. ಮನೆ ಬುಕ್ ಮಾಡುವಾಗ ಎಸಿ ಪ್ರತಿ ಮಲಗುವ ಕೋಣೆಯಲ್ಲೂ ಇದೆಯಾ ಅಂತ ಬರೆದು ಕೇಳಿ. ಹಾಲ್‌ನಲ್ಲಿ ಒಂದು ಎಸಿ ಇಟ್ಟು "ಎಸಿ ಮನೆ" ಅನ್ನುವವರು ಅಲ್ಲೂ ಇದ್ದಾರೆ. ರೋಮ್‌ನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ನಸೋನಿ ಅನ್ನುವ ಎರಕದ ಕಬ್ಬಿಣದ ನಲ್ಲಿಗಳಿವೆ, ಸುಮಾರು 2,500. ಹಗಲೂ ರಾತ್ರಿ ತಣ್ಣನೆ ಕುಡಿಯುವ ನೀರು ಹರಿಯುತ್ತಿರುತ್ತದೆ. ಬಾಗಿದ ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಮಕ್ಕಳಿಗೆ ಕೊಲೊಸಿಯಂಗಿಂತ ಇದೇ ಇಷ್ಟವಾದರೆ ಬೈಯಬೇಡಿ.

ಆಗಸ್ಟ್ 15 ಅಲ್ಲಿ ಫೆರಗೋಸ್ತೊ ಹಬ್ಬ. ಅದರ ಆಸುಪಾಸಿನಲ್ಲಿ ಊರೊಳಗಿನ ಎಷ್ಟೋ ಸಣ್ಣ ಹೋಟೆಲ್, ಅಂಗಡಿಗಳು ಬಾಗಿಲು ಹಾಕಿರುತ್ತವೆ, ಕಡಲತೀರದ ಊರುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಪ್ರಶ್ನೆ: ಗುಂಪಿಗೆಲ್ಲ ಸೇರಿ ಒಂದೇ ವೀಸಾ ಸಿಗುತ್ತದಾ? ಯಾವ ದೇಶದ ಮೂಲಕ ಹಾಕಬೇಕು? ನಮಗೆ ಒಬ್ಬರು ಗ್ರೀಸ್ ಮೂಲಕ ಹಾಕಿದರೆ ಬೇಗ ಆಗುತ್ತೆ ಅಂತ ಹೇಳಿದರು, ಹೋಗುವುದು ಇಟಲಿಗೆ. – ಮೈಸೂರು

ಉತ್ತರ: ಇಲ್ಲ, ಒಬ್ಬೊಬ್ಬರಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ವೀಸಾ ಕೇಂದ್ರದವರ ಸೇವಾ ಶುಲ್ಕ ಬೇರೆ.

ಗ್ರೀಸ್ ಸಲಹೆ ಕೇಳಬೇಡಿ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು ಅನ್ನುವುದು ಷೆಂಗೆನ್ (ಒಂದೇ ವೀಸಾದಲ್ಲಿ ತಿರುಗಬಹುದಾದ ಯುರೋಪಿನ ದೇಶಗಳ ಕೂಟ) ನಿಯಮ. ಎರಡು ದೇಶದಲ್ಲಿ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶ. ಗ್ರೀಸ್ ವೀಸಾ ಹಿಡಿದು ರೋಮ್‌ನಲ್ಲಿ ಇಳಿದು, "ಗ್ರೀಸ್‌ಗೆ ಯಾವಾಗ ಹೋಗ್ತೀರಿ?" ಅಂತ ಕೌಂಟರಿನಲ್ಲಿ ಕೇಳಿದಾಗ ಹನ್ನೊಂದು ಜನ ಹನ್ನೊಂದು ಉತ್ತರ ಕೊಟ್ಟರೆ ಮುಗಿಯಿತು ಕಥೆ.

ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕಡೇ ಪಕ್ಷ 15 ದಿನ ಮೊದಲು ಹಾಕಲೇಬೇಕು. ಆದರೆ 15 ದಿನ ಅನ್ನುವುದನ್ನು ಮರೆತುಬಿಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ತೆಗೆದುಕೊಳ್ಳುತ್ತಾರೆ. ಅದಕ್ಕೂ ಮೊದಲು ಅಪಾಯಿಂಟ್‌ಮೆಂಟ್ ಸಿಗಬೇಕು, ಬೇಸಿಗೆ ಹತ್ತಿರ ಬಂದ ಹಾಗೆ ಅದೇ ದೊಡ್ಡ ತಲೆನೋವು. ಮೇ ತಿಂಗಳ ಪ್ರವಾಸಕ್ಕೆ ಜನವರಿಯಲ್ಲೇ ಕೂತು ಕಾಗದ ಜೋಡಿಸಿ. ಪಾಸ್‌ಪೋರ್ಟ್ ಹತ್ತು ವರ್ಷದ ಒಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊದ್ದು. 71 ವರ್ಷದವರಿಗೆ ವಿಮೆಯ ಕಂತು ಜಾಸ್ತಿ, ಮೊದಲೇ ಇರುವ ಬಿಪಿ, ಶುಗರ್‌ಗೆ ಅನ್ವಯಿಸುತ್ತದಾ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಓದಿ.

ಗುಂಪಿನಲ್ಲಿ ಎಡವಟ್ಟಾಗುವುದು ಇಲ್ಲಿ: ಒಬ್ಬರ ಅರ್ಜಿಯಲ್ಲಿ ಒಂದು ಹೋಟೆಲ್, ಇನ್ನೊಬ್ಬರದರಲ್ಲಿ ಇನ್ನೊಂದು, ತಾರೀಕು ಒಂದು ದಿನ ಆಚೀಚೆ. ಒಬ್ಬರೇ ಕೂತು ಎಲ್ಲರ ಅರ್ಜಿಯನ್ನೂ ತಾಳೆ ನೋಡಿ. ಯಾರ ಖರ್ಚು ಯಾರು ಹಾಕುತ್ತಿದ್ದಾರೆ ಅನ್ನುವುದಕ್ಕೆ ಒಂದು ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್ ಇಡಿ. ಅಜ್ಜ ಅಜ್ಜಿಯ ಜೊತೆ ಮೊಮ್ಮಕ್ಕಳು ಮಾತ್ರ ಹೋಗುವುದಾದರೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು.

2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಶುರುವಾಗಿದೆ. ಸಾಲು ಉದ್ದ ಆಗಬಹುದು. ಫ್ರಾಂಕ್‌ಫರ್ಟ್ ತರಹದ ಊರಿನಲ್ಲಿ ವಿಮಾನ ಬದಲಿಸುವುದಾದರೆ ಈ ತಪಾಸಣೆ ಅಲ್ಲಿಯೇ ಆಗುತ್ತದೆ, ನಡುವೆ ಮೂರು ಗಂಟೆಯಾದರೂ ಇರಲಿ.

ಪ್ರಶ್ನೆ: ನಾವು ಗೆಳೆಯರು ಒಂಬತ್ತು ಜನ. ಊಟಿ, ಕೇರಳಕ್ಕೆಲ್ಲ ಟಿಟಿ ಮಾಡಿಕೊಂಡು ಹೋಗಿ ಅಭ್ಯಾಸ. ಅಲ್ಲೂ ಒಂದು ವ್ಯಾನ್ ತೆಗೆದುಕೊಂಡು ನಾವೇ ಓಡಿಸಬಹುದಾ? – ದಾವಣಗೆರೆ

ಉತ್ತರ: ಓಡಿಸಬಹುದು. ಡ್ರೈವರ್ ಸೇರಿ ಒಂಬತ್ತು ಸೀಟಿನವರೆಗೆ ಸಾಮಾನ್ಯ ಕಾರ್ ಲೈಸೆನ್ಸ್ ಸಾಕು. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ನಮ್ಮ ಆರ್‌ಟಿಒದಲ್ಲೇ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ಆದರೆ ಒಂಬತ್ತು ಸೀಟಿನ ವ್ಯಾನಿನಲ್ಲಿ ಒಂಬತ್ತು ಜನ ಕೂತರೆ ಒಂಬತ್ತು ಸೂಟ್‌ಕೇಸ್ ಹಿಡಿಸುವುದಿಲ್ಲ, ಮೇಲೆ ಕ್ಯಾರಿಯರೂ ಇರುವುದಿಲ್ಲ. ತಲೆಗೊಂದು ಸಣ್ಣ ಬ್ಯಾಗ್ ಅಂತ ಒಪ್ಪಂದ ಮಾಡಿಕೊಂಡರೆ ಮಾತ್ರ ಮುಂದುವರಿಯಿರಿ.

ಅದಕ್ಕಿಂತ ದೊಡ್ಡ ತೊಂದರೆ ಊರೊಳಗೆ. ಫ್ಲಾರೆನ್ಸ್, ಪೀಸಾ, ರೋಮ್ ಎಲ್ಲ ಕಡೆ ಹಳೇ ಪೇಟೆಯೊಳಗೆ ಹೊರಗಿನ ಗಾಡಿ ಬರುವಂತಿಲ್ಲ. ಝಡ್‌ಟಿಎಲ್ ಅಂತ ಬೋರ್ಡು ಇರುತ್ತದೆ, ಮೇಲೆ ಕ್ಯಾಮೆರಾ. ಪೊಲೀಸರು ಯಾರೂ ತಡೆಯುವುದಿಲ್ಲ, ಕೈ ತೋರಿಸುವುದಿಲ್ಲ. ನೀವು ಹೋಟೆಲ್ ಹುಡುಕುತ್ತಾ ಮೂರು ಸಲ ಸುತ್ತು ಹಾಕಿದರೆ ಮೂರು ದಂಡ, ನೀವು ದಾವಣಗೆರೆಗೆ ಬಂದು ಬೆಣ್ಣೆದೋಸೆ ತಿನ್ನುತ್ತಿರುವಾಗ ತಿಂಗಳುಗಳ ನಂತರ ಬರುತ್ತದೆ. ಗಾಡಿ ಕೊಟ್ಟ ಕಂಪನಿ ನಿಮ್ಮ ವಿಳಾಸ ತಿಳಿಸಿದ್ದಕ್ಕೆ ತನ್ನ ಶುಲ್ಕವನ್ನು ಬೇರೆ ಮುರಿದುಕೊಳ್ಳುತ್ತದೆ.

ಆದ್ದರಿಂದ ದೊಡ್ಡ ಊರುಗಳ ನಡುವೆ ರೈಲು, ಹಳ್ಳಿಗಾಡಿಗೆ ಮಾತ್ರ ವ್ಯಾನ್. ಟಸ್ಕನಿಯ ಬೆಟ್ಟದೂರುಗಳು, ಪುಲಿಯಾದ ಅಲ್ಬೆರೊಬೆಲ್ಲೊ, ಅಲ್ಲಿಂದ ಮತೇರಾ, ಸ್ಪೇನ್‌ನ ಆಂಡಲೂಸಿಯಾದ ಬಿಳಿ ಹಳ್ಳಿಗಳು, ಇಲ್ಲೆಲ್ಲ ಸ್ವಂತ ಗಾಡಿ ಇದ್ದರೇ ಮಜಾ. ಗೇರು ಗಾಡಿ ಎಡಗಡೆ ಕೂತು ಬಲಗೈಯಲ್ಲಿ ಬದಲಿಸಬೇಕು, ರಸ್ತೆಯ ಬಲಕ್ಕೆ ಓಡಿಸಬೇಕು. ಆಟೊಮ್ಯಾಟಿಕ್ ಕೇಳಿ, ಸ್ವಲ್ಪ ದುಬಾರಿ.

ಡ್ರೈವರ್ ಸಮೇತ ಮಿನಿಬಸ್ ಮಾಡುವವರಿಗೆ ಒಂದು ಮಾತು. "ಅಣ್ಣಾ, ಇನ್ನೊಂದೇ ಒಂದು ಪಾಯಿಂಟ್" ಅನ್ನುವುದು ಅಲ್ಲಿ ನಡೆಯುವುದಿಲ್ಲ. ದಿನಕ್ಕೆ ಒಂಬತ್ತು ಗಂಟೆಯಷ್ಟೇ ಓಡಿಸಬಹುದು, ವಾರದಲ್ಲಿ ಎರಡು ದಿನ ಹತ್ತು. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಗಾಡಿಯಲ್ಲಿರುವ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ. ಅವರಿಗೆ ಟಿಪ್ಸ್ ಆಸೆ ತೋರಿಸಿ ಉಪಯೋಗ ಇಲ್ಲ, ಪಾಪ, ಲೈಸೆನ್ಸ್ ಹೋಗುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅತ್ತೆಯವರಿಗೆ ಈರುಳ್ಳಿ ಬೆಳ್ಳುಳ್ಳಿಯೂ ಆಗದು. ಹತ್ತು ದಿನ ಬ್ರೆಡ್ ತಿಂದುಕೊಂಡೇ ಇರಬೇಕಾ? – ಉಡುಪಿ

ಉತ್ತರ: ಇಟಲಿಯಾದರೆ ಹೆದರಬೇಡಿ. ಒಣ ಪಾಸ್ತಾ ಬರೀ ಗೋಧಿ ರವೆ ಮತ್ತು ನೀರಿನಿಂದ ಮಾಡುವುದು. "ತಾಜಾ ಪಾಸ್ತಾ" ಅಂತ ಹೆಮ್ಮೆಯಿಂದ ಹೇಳುವುದರಲ್ಲಿ ಮೊಟ್ಟೆ ಇರುವುದು ಜಾಸ್ತಿ. ಹಾಗಾಗಿ ಸ್ಪಗೆಟ್ಟಿ, ಪೆನ್ನೆ ಕೇಳಿ, ಟಾಲಿಯಾತೆಲ್ಲೆ ಬೇಡ. ಟೊಮೆಟೊ ಸಾಸ್‌ನ ಪಾಸ್ತಾ, ಮಾರ್ಗರೀಟಾ ಪಿಜ್ಜಾ ಎಲ್ಲ ಕಡೆ ಸಿಗುತ್ತವೆ. ಮರಿನಾರಾ ಪಿಜ್ಜಾದಲ್ಲಿ ಚೀಸ್ ಇಲ್ಲ, ಆದರೆ ಬೆಳ್ಳುಳ್ಳಿ ಇದೆ. ರಿಸೊಟ್ಟೊ ಮತ್ತು ಸೂಪುಗಳನ್ನು ಮಾಂಸದ ಸಾರಿನಲ್ಲಿ ಬೇಯಿಸುವುದುಂಟು, ತರಕಾರಿಯದು ಅಂತ ಬರೆದಿದ್ದರೂ ಒಮ್ಮೆ ಕೇಳಿ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ಉವೋವಾ" ಅಂದರೆ ಮಾಂಸ, ಮೀನು, ಮೊಟ್ಟೆ ಬೇಡ ಅಂತ. ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗುವುದು ಇನ್ನೂ ಒಳ್ಳೆಯದು.

ಕಟ್ಟುನಿಟ್ಟಿನವರು ತಿಳಿದಿರಬೇಕಾದ್ದು: ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದನ್ನು ಉದುರಿಸಬೇಡಿ ಅಂತ ಮೊದಲೇ ಹೇಳಿ. ಪೀಸಾ ಕಡೆ ಹೋದರೆ ಚೆಚಿನಾ ಹುಡುಕಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ. ದೊಡ್ಡ ತಟ್ಟೆಯಲ್ಲಿ ಹುಯ್ದು ಒಲೆಯಲ್ಲಿ ಬೇಯಿಸಿ ತುಂಡು ಮಾಡಿ, ಮೇಲೆ ಕಾಳುಮೆಣಸು ಹಾಕಿ ಕೊಡುತ್ತಾರೆ. ಅತ್ತೆಯವರಿಗೆ ನಮ್ಮ ಕಡಲೆಹಿಟ್ಟಿನ ದೋಸೆಯೇ ಬಂದ ಹಾಗಿರುತ್ತದೆ.

ಗ್ರೀಸ್‌ನಲ್ಲೂ ಪರವಾಗಿಲ್ಲ. ಅಲ್ಲಿ ಚರ್ಚಿನ ಉಪವಾಸದ ದಿನಗಳಿಗೆಂದೇ ಮಾಂಸ, ಮೊಟ್ಟೆ, ಹಾಲು ಇಲ್ಲದ ಅಡುಗೆಗಳಿವೆ, ನಿಸ್ತೀಸಿಮಾ ಅನ್ನುತ್ತಾರೆ. ಏಡಿ, ಸೀಗಡಿಗೆ ಮಾತ್ರ ಆ ಉಪವಾಸದಲ್ಲಿ ವಿನಾಯಿತಿ ಇದೆ, ಅದಕ್ಕೇ ಕೇಳಿ ತಿನ್ನಿ. ಸ್ಪೇನ್ ಸ್ವಲ್ಪ ಕಷ್ಟ. ಸಸ್ಯಾಹಾರಿ ಅಂದರೂ ಮೇಲೆ ನಾಲ್ಕು ಚೂರು ಹಂದಿ ಮಾಂಸ ಉದುರಿಸಿ ತರುವವರಿದ್ದಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಅವರಿಗೆ ಅದು ಒಗ್ಗರಣೆ ಇದ್ದ ಹಾಗೆ.

ಈರುಳ್ಳಿ ಬೆಳ್ಳುಳ್ಳಿ ಇಲ್ಲದವರಿಗೆ ಅಡುಗೆಮನೆ ಇರುವ ಫ್ಲ್ಯಾಟ್ ತೆಗೆದುಕೊಳ್ಳುವುದೇ ಸರಿ. ರೋಮ್‌ನ ತೆರ್ಮಿನಿ ಸ್ಟೇಷನ್ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆ ಸುತ್ತ ನಮ್ಮ ಕಡೆಯ ತರಕಾರಿ, ಬೇಳೆ, ಅಕ್ಕಿ ಮಾರುವ ಅಂಗಡಿಗಳಿವೆ. ಊರಿನಿಂದ ಚಟ್ನಿಪುಡಿ, ಅವಲಕ್ಕಿ, ಸಾರಿನಪುಡಿ ಒಯ್ಯಿರಿ. ತುಪ್ಪ, ಪೇಡ, ಹಾಲಿನಪುಡಿ ಮಾತ್ರ ಬೇಡ, ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿ, ಬಾಳೆಹಣ್ಣಿಗೆ ಅಡ್ಡಿ ಇಲ್ಲ. ವಿಮಾನದಲ್ಲಿ ತೆಂಗಿನಕಾಯಿ ಒಯ್ಯಬೇಕಾ ಅನ್ನುವುದು ನಿಮಗೆ ಬಿಟ್ಟಿದ್ದು.

ಪ್ರಶ್ನೆ: ಖರ್ಚಿನ ಲೆಕ್ಕ ಹೇಗೆ? ಕಳೆದ ಸಲ ಗೋವಾಕ್ಕೆ ಹೋಗಿ ಬಂದ ಮೇಲೆ ಆರು ತಿಂಗಳು ಲೆಕ್ಕದ ಜಗಳ. – ಬೆಂಗಳೂರು

ಉತ್ತರ: ಮನೆಗೆ ಇಷ್ಟು ಅಂತ ಮೊದಲೇ ಒಟ್ಟು ಹಾಕಿ ಒಬ್ಬರ ಕೈಗೆ ಕೊಡಿ. ಊಟ, ಓಡಾಟ, ಟಿಕೆಟ್ ಆ ದುಡ್ಡಿನಿಂದ, ಶಾಪಿಂಗ್ ಅವರವರದು. ಇಟಲಿಯಲ್ಲಿ ಒಂದು ಮೇಜಿಗೆ ಆರು ಬಿಲ್ ಕೇಳಿದರೆ ಮುಖ ಗಂಟು ಹಾಕುತ್ತಾರೆ, ಹೀಗಾಗಿ ಇದೇ ಸುಲಭ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಯೂರೊ ಇರುತ್ತದೆ, ಅದು ಮೋಸ ಅಲ್ಲ, ಮೇಜಿನ ಶುಲ್ಕ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ರೇಟು, ಪ್ರವಾಸಿ ಚೌಕದಲ್ಲಿ ಕೂತು ಕುಡಿದರೆ ಅದರ ಮೂರು ನಾಲ್ಕು ಪಟ್ಟು. ಹೋಟೆಲಿನಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ ಊರಿನ ತೆರಿಗೆಯೂ ಇದೆ, ಬುಕಿಂಗ್ ದುಡ್ಡಿನಲ್ಲಿ ಸೇರಿರುವುದಿಲ್ಲ.

ಕಾರ್ಡ್ ಯಂತ್ರ ಅಥವಾ ಎಟಿಎಂ "ರೂಪಾಯಿಯಲ್ಲಿ ಕೊಡ್ತೀರಾ, ಯೂರೊದಲ್ಲಾ?" ಅಂತ ಕೇಳಿದರೆ ಯಾವಾಗಲೂ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಮುರಿದುಕೊಳ್ಳುತ್ತಾರೆ. ಪ್ಯಾಕೇಜ್ ಕೊಂಡರೆ ಏಜೆಂಟರು ಟಿಸಿಎಸ್ (ಮೊದಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ, ಯಾರ ಪ್ಯಾನ್ ಮೇಲೆ ಹಿಡಿದರು ನೋಡಿಕೊಳ್ಳಿ. ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಲು ಆಗುವುದು ಅವರಿಗೇ.

ಪ್ರಶ್ನೆ: ಕೇಳೋಕೆ ಸಂಕೋಚ. ಟಾಯ್ಲೆಟ್‌ನಲ್ಲಿ ನೀರು ಇರುತ್ತದಾ? – ತುಮಕೂರು

ಉತ್ತರ: ಸಂಕೋಚ ಯಾಕೆ, ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ. ಇಟಲಿಯಲ್ಲಿ ಮನೆಗೆ ಒಂದು ಬಾತ್‌ರೂಮಿನಲ್ಲಾದರೂ ಬಿಡೆ (ತೊಳೆದುಕೊಳ್ಳುವ ತೊಟ್ಟಿ) ಇರಲೇಬೇಕು ಅಂತ 1975ರಿಂದ ಸರ್ಕಾರದ ನಿಯಮವೇ ಇದೆ. ಕಮೋಡಿನ ಪಕ್ಕದಲ್ಲಿ ಇನ್ನೊಂದು ಕಮೋಡಿನ ಹಾಗೆ ಕಾಣುತ್ತದೆ, ನಲ್ಲಿ ಇರುತ್ತದೆ. ಬಟ್ಟೆ ಒಗೆಯಲು ಅಲ್ಲ. ಹೊರಗಿನ ಟಾಯ್ಲೆಟ್‌ಗಳಲ್ಲಿ ನಿರೀಕ್ಷೆ ಬೇಡ, ಬ್ಯಾಗಿನಲ್ಲಿ ಖಾಲಿ ಬಾಟಲಿ ಇರಲಿ. ಸ್ಟೇಷನ್‌ಗಳಲ್ಲಿ ಸುಮಾರು ಒಂದು ಯೂರೊ ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ.

ಪ್ರಶ್ನೆ: ನಾವು ಆರು ಜನ ಹುಡುಗರು, ಜುಲೈನಲ್ಲಿ ಒಂದು ವಾರ ಗ್ರೀಸ್. ಅಥೆನ್ಸ್, ಮಿಕೊನೋಸ್, ಪಾರೋಸ್, ನಾಕ್ಸೋಸ್, ಸಾಂತೊರಿನಿ ಎಲ್ಲ ಆಗುತ್ತಾ? – ಕಲಬುರಗಿ

ಉತ್ತರ: ಆಗಲ್ಲ. ಅಥೆನ್ಸ್ ಮತ್ತು ಎರಡು ದ್ವೀಪ. ಜುಲೈ, ಆಗಸ್ಟ್‌ನಲ್ಲಿ ಆ ಸಮುದ್ರದ ಮೇಲೆ ಮೆಲ್ಟೆಮಿ ಅನ್ನುವ ಬಡಗಣ ಗಾಳಿ ಜೋರಾಗಿ ಬೀಸುತ್ತದೆ, ಹಡಗುಗಳು ತಡವಾಗುತ್ತವೆ, ಕೆಲವೊಮ್ಮೆ ಹೊರಡುವುದೇ ಇಲ್ಲ. ವಾಪಸ್ ವಿಮಾನದ ಹಿಂದಿನ ದಿನವೇ ಅಥೆನ್ಸ್‌ಗೆ ಬಂದುಬಿಡಿ. ನಾನಾದರೆ ಪಾರೋಸ್, ನಾಕ್ಸೋಸ್ ಎರಡನ್ನೇ ಆರಿಸುತ್ತಿದ್ದೆ. ಪಕ್ಕಪಕ್ಕದಲ್ಲಿವೆ, ಊಟ ಚೆನ್ನ, ಜೇಬಿಗೂ ಹಗುರ.

ಕಲಬುರಗಿಯವರಿಗೆ ಬಿಸಿಲು ಹೇಳಿಕೊಡಬೇಕಿಲ್ಲ. ಆದರೂ ಅಕ್ರೊಪೊಲಿಸ್ ಗುಡ್ಡಕ್ಕೆ ಬೆಳಗಿನ ಮೊದಲ ಸಮಯವನ್ನೇ ಬುಕ್ ಮಾಡಿ. 2023ರಿಂದ ಅಲ್ಲಿ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ಟಿನಲ್ಲಿ ಗಂಟೆ ನಮೂದಾಗಿರುತ್ತದೆ. ಆ ವರ್ಷದಿಂದ ಈಚೆಗೆ ಬಿಸಿಗಾಳಿ ಜಾಸ್ತಿಯಾದ ದಿನಗಳಲ್ಲಿ ಮಧ್ಯಾಹ್ನ ಬಾಗಿಲು ಮುಚ್ಚಿದ್ದೂ ಉಂಟು.

ಪ್ರಶ್ನೆ: ಅರ್ಧ ಜನಕ್ಕೆ ಮ್ಯೂಸಿಯಂ, ಅರ್ಧ ಜನಕ್ಕೆ ಶಾಪಿಂಗ್. ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆ? – ಬೆಳಗಾವಿ

ಉತ್ತರ: ಇಟ್ಟುಕೊಳ್ಳಲೇಬೇಡಿ. ಬೆಳಿಗ್ಗೆ ಬೇರೆ ಬೇರೆ ಹೋಗಿ, ರಾತ್ರಿ ಊಟಕ್ಕೆ ಒಟ್ಟಾಗಿ. ಆದರೆ ಮ್ಯೂಸಿಯಂಗೆ ಯಾರು ಬರುತ್ತಾರೆ ಅನ್ನುವುದು ಊರಿನಲ್ಲೇ ತೀರ್ಮಾನ ಆಗಲಿ. ಕೊಲೊಸಿಯಂ, ಪಾಂಪೆ, ಸ್ಪೇನ್‌ನ ಆಲಂಬ್ರಾ ಅರಮನೆಯ ಟಿಕೆಟ್‌ಗಳಲ್ಲಿ ಒಬ್ಬೊಬ್ಬರ ಹೆಸರೂ ಇರುತ್ತದೆ, ಗೇಟಿನಲ್ಲಿ ಪಾಸ್‌ಪೋರ್ಟ್ ಕೇಳಬಹುದು. "ಅವಳ ಟಿಕೆಟಲ್ಲಿ ನಾನು ಹೋಗ್ತೀನಿ" ಅನ್ನುವ ಹಾಗಿಲ್ಲ. ಫ್ಲಾರೆನ್ಸ್‌ನ ಉಫಿಜಿ ಮ್ಯೂಸಿಯಂ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆದಿರುತ್ತದೆ, ಅಂದು ಹೋಗದಿದ್ದರೇ ವಾಸಿ. ಅಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು, ಹುಡುಗರ ಬರ್ಮುಡಾಕ್ಕೂ ಇದೇ ನಿಯಮ. ಚೂಡಿದಾರ್ ಹಾಕಿದವರಿಗೆ ಯಾವ ತಕರಾರೂ ಇಲ್ಲ.

ಊಟಕ್ಕೆ ಎಲ್ಲರೂ ಸೇರುವ ಜಾಗವನ್ನು ಹಿಂದಿನ ದಿನವೇ ಕಾಯ್ದಿರಿಸಿ. ಹತ್ತು ಹನ್ನೊಂದು ಜನ ದಿಢೀರ್ ನುಗ್ಗಿದರೆ ಸೀಟು ಸಿಗುವುದಿಲ್ಲ. ಇಟಲಿಯಲ್ಲಿ ರಾತ್ರಿ ಅಡುಗೆ ಏಳೂವರೆಗೆ ಮೊದಲು ಶುರುವಾಗದು, ಸ್ಪೇನ್‌ನಲ್ಲಿ ಒಂಬತ್ತು. ಏಳಕ್ಕೇ ಉಣ್ಣುವ ಹಿರಿಯರಿಗೆ ಬ್ಯಾಗಿನಲ್ಲಿ ಏನಾದರೂ ಇರಲಿ.

ಪ್ರಶ್ನೆ: ಎಲ್ಲ ಬುಕ್ ಆದ ಮೇಲೆ ಇಬ್ಬರು ಕೈಕೊಟ್ಟರೆ? ಪ್ರತಿ ಸಲ ಹೀಗೇ ಆಗುತ್ತದೆ. – ಮಂಗಳೂರು

ಉತ್ತರ: ವಾಟ್ಸಾಪ್ ಗ್ರೂಪಿನಲ್ಲಿ "ನಾವೂ ಬರ್ತೀವಿ" ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ತಾರೀಕು ಗೊತ್ತು ಮಾಡಿ, ಅಷ್ಟರೊಳಗೆ ಮುಂಗಡ ಕೊಟ್ಟವರ ಹೆಸರಲ್ಲಿ ಮಾತ್ರ ಮುಂದುವರಿಯಿರಿ. ಮನೆ, ಹೋಟೆಲ್‌ಗಳನ್ನು ರದ್ದು ಮಾಡಬಹುದಾದ ದರದಲ್ಲೇ ತೆಗೆದುಕೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಸರಿ. ವೀಸಾ ಕೈಗೆ ಬರುವವರೆಗೆ, ರದ್ದು ಮಾಡಿದರೆ ದುಡ್ಡು ವಾಪಸ್ ಬಾರದ ವಿಮಾನ ಟಿಕೆಟ್ ಬೇಡ. ಅರ್ಜಿಗೆ ಕಾಯ್ದಿರಿಸಿದ ಪ್ರತಿ ಸಾಕು. ಒಬ್ಬರ ವೀಸಾ ತಿರಸ್ಕಾರವಾದರೆ ಉಳಿದವರು ಹೋಗಬೇಕಾ ಬೇಡವಾ, ಅವರ ಪಾಲಿನ ಮನೆ ಬಾಡಿಗೆ ಯಾರು ಹೊರಬೇಕು, ಇದನ್ನು ದುಡ್ಡು ಕಟ್ಟುವ ಮೊದಲೇ ಎಲ್ಲರೂ ಕೂತು ಮಾತಾಡಿ ಅದೇ ಗ್ರೂಪಿನಲ್ಲಿ ಬರೆದು ಹಾಕಿ.